ಅಮೋಯ್

ಪೆಟಾಲಿಂಗ್ ಜಯಾ
೧೮ ನವೆಂಬರ್ ೨೦೨೪

ಪ್ರೀತಿಯ ಅಜ್ಜಿಗೆ ಅಪೂರ್ವಳ ನಮಸ್ಕಾರಗಳು.

ನವರಾತ್ರಿಗೇ ಬರೆಯುತ್ತೇನೆ ಎಂದಿದ್ದೆ, ದೀಪಾವಳಿಯೂ ಮುಗಿಯಿತು. ಸಾರಿ ಅಜ್ಜಿ. ಹಾಸ್ಟೆಲ್ಲಿನಲ್ಲಿ ಬೆಳೆದ ನನ್ನ ಕನ್ನಡ ನಿನಗೆ ಗೊತ್ತೇ ಇದೆ, ಅರ್ಧ ಇಂಗ್ಲಿಷು. ಕಾಗುಣಿತ ತಪ್ಪಿದ್ದರೆ ಬೈಯಬೇಡ. ಇದರ ಫೋಟೋ ತೆಗೆದು ಕೆಳಗಿನ ಮನೆ ಸರೋಜಕ್ಕನ ಮೊಬೈಲಿಗೆ ಕಳಿಸುತ್ತೇನೆ, ದೊಡ್ಡದು ಮಾಡಿಸಿಕೊಂಡು ಓದು.

ಕಾಲೇಜು ಹೇಗೋ ನಡೆಯುತ್ತಿದೆ. ಅದಿರಲಿ. ನಾನು ರೂಮು ಹಿಡಿದಿರುವ ಮನೆಯ ಚೀನೀ ಅಜ್ಜಿಯ ವಿಷಯ ಹೇಳಬೇಕು. ಅವರನ್ನು ಎಲ್ಲರೂ ಆಮಾ ಎನ್ನುತ್ತಾರೆ. ಮಗಳು ಲಿಮ್ ಆಂಟಿಗೆ ಮೆಲಾಕಾದಲ್ಲಿ ಕೆಲಸ, ಭಾನುವಾರ ಬರುತ್ತಾರೆ. ಆಮಾಗೆ ತಾವೇ ಫೋನ್ ಮಾಡಲು ಬಾರದು, ಇಂಗ್ಲಿಷೂ ಬಾರದು.

ಹೋದ ವಾರವೆಲ್ಲ ಆಮಾ ತಮ್ಮ ಫೋನನ್ನು ನನ್ನ ಕೈಗೆ ತುರುಕಿ "ಅಮೋಯ್, ಅಮೋಯ್" ಎನ್ನುತ್ತಿದ್ದರು. ಇಲ್ಲಿ ಅಂಗಡಿಯವರು ಚೀನೀ ಹುಡುಗಿಯರನ್ನು ಕರೆಯುವುದೇ ಹಾಗೆ, "ಏ ಅಮೋಯ್, ಏನು ಬೇಕು?" ಅಂತ. ಮೊಮ್ಮಗಳನ್ನು ಕೇಳುತ್ತಿದ್ದಾರೆ ಎಂದುಕೊಂಡು ಅವಳಿಗೇ ಫೋನ್ ಮಾಡಿ ಕೊಟ್ಟೆ. ಆಮಾ ತಲೆ ಅಲ್ಲಾಡಿಸಿ ನನಗೇ ವಾಪಸು ಕೊಡುತ್ತಿದ್ದರು. ಕೊನೆಗೆ ಆ ಹುಡುಗಿಯೇ "ಎಷ್ಟು ಸಲ ಮಾಡ್ತೀಯಾ, ನಂಗೆ ಕ್ಲಾಸಿದೆ ಲಾ!" ಎಂದು ರೇಗಿದಳು. ಇಲ್ಲಿಯವರ ಮಾತಿನ ಕೊನೆಗೆ ಒಂದು ಲಾ ಇರಲೇಬೇಕು.

ನಿನ್ನೆ ಲಿಮ್ ಆಂಟಿಗೆ ಹೇಳಿದೆ. ಅವರು ಕೈಯಲ್ಲಿದ್ದ ನೂಡಲ್ಸ್ ಪೊಟ್ಟಣ ಹಾಗೇ ಕೆಳಗಿಟ್ಟರು. "ಅಯ್ಯೋ ಹುಡುಗೀ, ಅದು ಊರು ಲಾ! ಚೀನಾದಲ್ಲಿದೆ. ಈಗ ಶಿಯಾಮೆನ್ ಅಂತಾರೆ. ಅಮೋಯ್ ಅನ್ನೋದು ನಮ್ಮಮ್ಮ ಒಬ್ಬಳೇ. ಅಲ್ಲಿ ಅವಳ ತಂಗಿ ಇದ್ದಾಳೆ, ಹುಷಾರಿಲ್ಲ."

ನೀನು ಈಗಲೂ ಮದರಾಸು ಎನ್ನುವುದಿಲ್ಲವೇ, ಹಾಗೆ. ಫೋನಿನಲ್ಲಿ ಆಂಟಿ ಶಿಯಾಮೆನ್ ಎಂದು ಹಾಕಿಟ್ಟ ನಂಬರು ಇತ್ತು ಅಜ್ಜಿ. ಯಾರೋ ಗಂಡಸಿನ ಹೆಸರೆಂದು ಪ್ರತಿ ಸಲ ದಾಟಿಸಿಬಿಟ್ಟಿದ್ದೆ.

ಆಂಟಿ ಫೋನ್ ಮಾಡಿದರು. ಎತ್ತಿದ್ದು ತಂಗಿಯ ಮಗ. ಹಿಂದಿನ ದಿನವೇ ಎಲ್ಲ ಮುಗಿದಿತ್ತು. ಆಮಾ ಅಳಲಿಲ್ಲ. ನನ್ನ ಕೆನ್ನೆ ಮುಟ್ಟಿ ಏನೋ ಅಂದರು. ಅದೇನೆಂದು ಆಂಟಿಯನ್ನು ಕೇಳದೆ ನನ್ನ ರೂಮಿಗೆ ಬಂದುಬಿಟ್ಟೆ. ಈಗ ಆಮಾ ಬಾಗಿಲ ಮುಂದೆ ಹಾದು ಅಡುಗೆಮನೆಗೆ ಹೋಗಲೂ ಭಯ. ಏನು ಮಾಡಲಿ?

ದೇವರ ದೀಪ ಹಚ್ಚುವಾಗ ಆಮಾ ಹೆಸರನ್ನೂ ಹೇಳಿಕೋ. ನನ್ನ ತಲೆ ಮೇಲೆ ನಿನ್ನ ಕೈ ಇರಲಿ.

ನಿನ್ನ
ಅಪ್ಪು

ತಾ.ಕ.: ಹೋದ ಸಲ ಫೋನಿನಲ್ಲಿ ನೀನು, "ನಾಕು ಮೆಟ್ಲು ಹತ್ತಿದ್ರೆ ತೇಕು ಬರತ್ತೆ ಕಣೇ" ಅಂದೆ. ನಾನು ತೇಗು ಎಂದುಕೊಂಡೆ. "ಜೀರಿಗೆ ನೀರು ಕುಡಿ, ಹೊಟ್ಟೆಬಾಕ ಅಜ್ಜಿ" ಎಂದು ನಕ್ಕೆ. ಇವತ್ತು ಪಕ್ಕದ ಬೀದಿಯ ನಮ್ಮ ಕನ್ನಡದ ದೇವಕಿ ಆಂಟಿಯನ್ನು ಕೇಳಿದೆ. ತೇಕು ಎಂದರೆ ಏದುಸಿರಂತೆ, ಉಸಿರು ಸಾಲದೆ ಹೋಗುವುದಂತೆ. ಅಪ್ಪನಿಗೆ ಹೇಳಿದ್ದೀಯಾ, ಇಲ್ಲಾ ನನಗೊಬ್ಬಳಿಗೇ ಹೇಳಿದ್ದಾ? ನಾನು ನಕ್ಕಾಗ ನೀನೂ ಜೊತೆಗೆ ನಕ್ಕೆಯಲ್ಲ ಅಜ್ಜಿ, ಯಾಕೆ ನಕ್ಕೆ?