ತಪ್ಪು ಹೆಣಿಗೆ

ಮಾರ್ಚ್ 2, 1914. ಸೋಮವಾರ

ಟೋಪಿ ಹೆಣೆಯುವ ಹುಲ್ಲು ಇವತ್ತೂ ಒಣಗಿ ಕಡ್ಡಿ. ಗಾಳಿ ನಿಲ್ಲಲೇ ಇಲ್ಲ. ಕಿಟಕಿ ಮುಚ್ಚಿಸಿ, ನೀರು ಚಿಮುಕಿಸಿ, ಹುಡುಗಿಯರನ್ನು ಒತ್ತೊತ್ತಾಗಿ ಕೂರಿಸಿದೆ. ಮಬ್ಬಿನಲ್ಲೇ ಹೆಣೆದರು. ಎರಡು ಟೋಪಿ ಮುಗಿದವು.

ಟೋಪಿ ಕೋಣೆಗೆ ಬೀಗ ಹಾಕುವಾಗ ಸಿಸ್ಟರ್ ಅಲ್ಡೆಗೊಂಡ ಬಂದಳು. ಹಾಲೆಂಡಿನಿಂದ ಬಂದ ಸನ್ಯಾಸಿನಿ, ಸ್ಕೂಲಿಗೆಲ್ಲ ಅವಳೇ ಯಜಮಾನಿ. ನಗುತ್ತಾ ಬಂದಳು. ಅವಳು ನಕ್ಕರೆ ಯಾರಿಗೋ ಕೆಡುಕು.

"ಬರ್ನಬೇಲ, ನಿನ್ನ ತಂಗಿ ಫೆಮಿಗೆ ಹನ್ನೆರಡು ತುಂಬಿತಲ್ಲ? ಈಸ್ಟರ್ ಆದಮೇಲೆ ಅವಳ ಬೆಂಚಿನವರ ಬೆರಳು ನೋಡೋಣ."

ಬೆರಳು ನೋಡುವುದು! ಓದುವ ಕ್ಲಾಸಿನ ಹುಡುಗಿಯರ ಕೈಗೆ ಹುಲ್ಲು ಕೊಟ್ಟು ಅಂಗೈಯಗಲ ಟೋಪಿಯ ನೆತ್ತಿ ಹೆಣೆಸುತ್ತಾರೆ. ಚೆನ್ನಾಗಿ ಹೆಣೆದವಳಿಗೆ ಅವತ್ತಿಗೇ ಪುಸ್ತಕ ಬಂದ್, ಟೋಪಿ ಕೋಣೆ ಗಟ್ಟಿ. ಕೈ ಮೊಂಡಾದವಳು ಓದುತ್ತಾಳೆ.

"ಅವಳು ಓದಲಿ ಸಿಸ್ಟರ್. ಕ್ಲಾಸಿಗೇ ಮೊದಲು. ಟೀಚರ್ ಆಗ್ತಾಳೆ."

"ನೀನೂ ಮೊದಲೇ ಇದ್ದೆ. ಏನು ನಷ್ಟ ಆಯ್ತು? ಕೈಯಲ್ಲಿ ಕೆಲಸ ಇದೆ, ತಲೆಯಲ್ಲಿ ಸೊಕ್ಕಿಲ್ಲ."

ಸೊಕ್ಕಿಲ್ಲವಂತೆ.

ಮಾರ್ಚ್ 3

ನಿದ್ದೆ ಹತ್ತಲಿಲ್ಲ. ಹುಲ್ಲಿನ ಕಟ್ಟಿಗೆ ಸುತ್ತಿ ಬರುವ ಕಾಗದದ ಮೇಲೆ ಬರೆಯುತ್ತಿದ್ದೇನೆ. ಈ ಅಕ್ಷರವನ್ನು ಸಿಸ್ಟರ್‌ಗೆ ನನ್ನಿಂದ ಕಿತ್ತುಕೊಳ್ಳಲಾಗಲಿಲ್ಲ. ಮಿಕ್ಕಿದ್ದೆಲ್ಲ ಕಿತ್ತುಕೊಂಡಳು. ನನ್ನ ಬೆರಳು ನೋಡಿದ ದಿನ ಓದುತ್ತಿದ್ದ ಪಾಠ ಅರ್ಧಕ್ಕೆ ನಿಲ್ಲಿಸಿ, ಎಲ್ಲರೆದುರು ನನ್ನ ಬೆರಳು ಎತ್ತಿ ಹಿಡಿದು, "ದೇವರು ಇವನ್ನು ಹುಲ್ಲಿಗಾಗಿ ಮಾಡಿದ್ದಾನೆ" ಅಂದಿದ್ದಳು. ಚಪ್ಪಾಳೆ ಹೊಡೆಸಿದ್ದಳು ಬೇರೆ!

ಹಾಲೆಂಡಿನಿಂದ ಟೋಪಿ ವ್ಯಾಪಾರಿಯ ಹೆಂಡತಿ ಬರುತ್ತಾಳಂತೆ, ಬೆರಳಿನ ಪರೀಕ್ಷೆ ನೋಡಲು. ನಮ್ಮ ಕುರಸಾವೊ ದ್ವೀಪದ ಹುಡುಗಿಯರ ಬೆರಳು ಬಂಗಾರ ಎಂದು ಸಿಸ್ಟರ್ ಕಾಗದ ಬರೆದಿದ್ದಾಳೆ.

ಬಂಗಾರ ತಾನೆ? ತಗಡು ಮಾಡಿ ಕೊಡುತ್ತೇನೆ. ಆ ಹೆಂಗಸಿನೆದುರು ಸಿಸ್ಟರ್ ಮುಖ ಹಿಟ್ಟಿನ ಹಾಗೆ ಬಿಳಿಚಬೇಕು.

ಮಾರ್ಚ್ 8. ಭಾನುವಾರ

ಪೂಜೆ ಮುಗಿಸಿ ಬಂದು ಫೆಮಿಯನ್ನು ಕೂರಿಸಿಕೊಂಡೆ. ಕೆಟ್ಟದಾಗಿ ಹೆಣೆ ಅಂದೆ. ಬರಲೇ ಇಲ್ಲ! ನಮ್ಮ ಮನೆಯಲ್ಲಿ ಹಲ್ಲು ಹುಟ್ಟುವ ಮೊದಲೇ ಹುಲ್ಲು ಹಿಡಿಯುತ್ತಾರೆ. ಬೆರಳು ತಾನಾಗಿ ಸರಿ ದಾರಿಗೆ ಹೋಗುತ್ತದೆ.

ಕೊನೆಗೆ ನಾನೇ ಒಂದು ತಪ್ಪು ಕಟ್ಟಿದೆ. ಮೂರನೇ ಸುತ್ತಿನಲ್ಲಿ ಒಂದು ಎಳೆ ಬಿಟ್ಟು, ಹಿಂದಿನದನ್ನು ಎತ್ತಿ ದಾಟಿಸುವುದು. ತೂತು ಬೀಳುತ್ತದೆ. ಸುತ್ತಲೂ ತೂತು.

"ಅಕ್ಕ, ಕೆಟ್ಟದಾಗಿ ಹೆಣೆಯೋಕೂ ಇಷ್ಟು ಕಲೀಬೇಕಾ?"

"ಮಾತು ಸಾಕು, ಬಿಚ್ಚಿ ಮತ್ತೆ ಮಾಡು. ಈ ತೂತು ದೊಡ್ಡದಾಯ್ತು."

ಅವ್ವ ಒಲೆಯ ಮುಂದೆ ಜೋಳದ ಮುದ್ದೆ ತಿರುವುತ್ತಾ, "ಕೆಟ್ಟ ಕೆಲಸಾನೂ ಇಷ್ಟು ಅಚ್ಚುಕಟ್ಟಾಗಿ ಕಲಿಸೋಳನ್ನ ನಾನು ಕಂಡಿಲ್ಲ ಕಣೇ" ಅಂದಳು. ನಕ್ಕೆವು.

ಮಾರ್ಚ್ 22

ಫೆಮಿಯ ಬೆಂಚಿನವರೆಲ್ಲ ಬರುತ್ತಿದ್ದಾರೆ. ನಾನೇ ಕರೆದೆ. ಒಬ್ಬಳು ಕೆಟ್ಟರೆ ಆಕಸ್ಮಿಕ. ಬೆಂಚೇ ಕೆಟ್ಟರೆ...

ಬಿಚ್ಚಿಸಿ ಬಿಚ್ಚಿಸಿ ಮಾಡಿಸುತ್ತಿದ್ದೇನೆ. ಮೈಯಲ್ಲಿ ಜ್ವರದ ಹಾಗೆ ಖುಷಿ.

ಏಪ್ರಿಲ್ 20. ಸಂಜೆ

ಇವತ್ತು ಪರೀಕ್ಷೆ.

ವ್ಯಾಪಾರಿಯ ಹೆಂಡತಿ ಬಂದಳು. ಬಿಳಿ ಕೊಡೆ, ಕೆಂಪು ಮೂಗು. ಹುಡುಗಿಯರು ಹೆಣೆದರು. ಸಿಸ್ಟರ್ ಮೊದಲನೆಯದನ್ನು ಎತ್ತಿ ನೋಡಿದಳು. ಮುಖ ಹಿಟ್ಟಾಯಿತು! ನಾನು ಬಯಸಿದ ಹಾಗೇ! ಎರಡನೆಯದು. ಮೂರನೆಯದು. ನಾನು ಬಾಗಿಲ ಹತ್ತಿರ ನಿಂತು ಕಣ್ಣಲ್ಲೇ ಕುಡಿದೆ.

ಆಗ ಆ ಹೆಂಗಸು ಫೆಮಿಯದನ್ನು ಬೆಳಕಿಗೆ ಹಿಡಿದಳು. ಎಲ್ಲವನ್ನೂ ಪಕ್ಕಪಕ್ಕ ಜೋಡಿಸಿದಳು. ತೂತುಗಳೆಲ್ಲ ಒಂದೇ ಸುತ್ತು, ಒಂದೇ ಅಳತೆ, ಮುತ್ತು ಪೋಣಿಸಿದ ಹಾಗೆ.

"ಅಯ್ಯೋ ಎಷ್ಟು ಚೆಂದ! ತಲೆಗೆ ಗಾಳಿ ಆಡುತ್ತೆ! ಸಿಸ್ಟರ್, ಇದು ನಿಮ್ಮ ಹೊಸ ಹೆಣಿಗೆಯಾ?"

ಸಿಸ್ಟರ್ ಒಂದು ಗಳಿಗೆ ನನ್ನ ಕಡೆ ನೋಡಿದಳು. ಅವಳಿಗೆ ಅರ್ಥವಾಯಿತು. "ಹೌದು ಮೇಡಂ. ನಮ್ಮ ಸ್ಕೂಲಿನದೇ."

ಆ ಹೆಂಗಸು ನೆತ್ತಿಗಳನ್ನೆಲ್ಲ ತನ್ನ ಚೀಲಕ್ಕೆ ತುಂಬಿಕೊಂಡಳು. ತನ್ನ ಹಡಗು ಹೊರಡುವುದರೊಳಗೆ ಗೆಳತಿಯರಿಗೆಲ್ಲ ಇಂಥ ಟೋಪಿ ಬೇಕಂತೆ. ಸಿಸ್ಟರ್ ಮಾತು ಕೊಟ್ಟಳು. ಇಡೀ ಬೆಂಚು ಟೋಪಿ ಕೋಣೆಗೆ. ಮೊದಲ ಹೆಸರೇ ಫೆಮಿ.

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡೆ.

ಏಪ್ರಿಲ್ 21

ಸಿಸ್ಟರ್ ಹತ್ತಿರ ಹೋಗಿ ಕೇಳಿದೆ. "ಮಕ್ಕಳನ್ನ ಓದೋಕೆ ಬಿಡಿ. ಆ ಟೋಪಿ ನಾನು ಹೆಣೆದು ಕೊಡ್ತೀನಿ."

"ನೀನ್ಯಾಕೆ? ಅವರಿಗೇ ಬರುತ್ತಲ್ಲ. ಎಷ್ಟು ಚೆನ್ನಾಗಿ ಕಲಿಸಿದ್ದೀಯ!" ಬೀಗದ ಕೈಗೆ ಕೈ ಚಾಚಿದಳು. "ನಾಳೆಯಿಂದ ನೀನು ಬರಬೇಡ."

ಬೀಗದ ಕೈ ನೆಲಕ್ಕೆ ಹಾಕಿದೆ. ಬಗ್ಗಿ ತೆಗೆದುಕೊಳ್ಳಲಿ. ತೆಗೆದುಕೊಂಡಳು. ಅಷ್ಟೇ ನನಗೆ ದಕ್ಕಿದ್ದು.

ಏಪ್ರಿಲ್ 26. ಭಾನುವಾರ

ನಾಲ್ಕು ದಿನ ಮನೆಯಲ್ಲೇ ಬಿದ್ದುಕೊಂಡಿದ್ದೆ. ಸಿಸ್ಟರ್ ಬೆಂಚಿನವರ ಕೈಲಿ ಹುಲ್ಲು ನೆನೆಸುವುದು, ಸೀಳುವುದು, ಅಷ್ಟೇ ಮಾಡಿಸಿದಳಂತೆ. ನಾಳೆಯಿಂದ ಹೆಣಿಗೆ.

ಫೆಮಿ ಕಾಲ ಹತ್ತಿರ ಕೂತಳು. "ಅಕ್ಕ, ಮರೆತುಹೋಯ್ತು ಅಂದ್ರೆ?"

"ಏನು?"

"ತಪ್ಪು. ತಪ್ಪು ಮಾಡೋದು ಮರೆತುಹೋಯ್ತು ಅಂದ್ರೆ ಸಿಸ್ಟರ್ ಏನು ಮಾಡ್ತಾಳೆ? ನಮೂನೆಯೆಲ್ಲ ಆ ಮೇಡಂ ಚೀಲದಲ್ಲಿದೆ. ಸಿಸ್ಟರ್‌ಗೆ ಹೆಣೆಯೋಕೆ ಬರಲ್ಲ, ಬೈಯೋಕೆ ಬರುತ್ತೆ."

"ಹೊಡೀತಾಳೆ."

"ಹೊಡೀಲಿ. ಎಲ್ಲರನ್ನೂ ಕೇಳಿದೀನಿ. ಎಲ್ಲರೂ ಮರೀತಾರಂತೆ."

ಇವಳು ನನ್ನ ತಂಗಿ. ನಾನು ಸೇಡು ಅಂದುಕೊಂಡಿದ್ದೆಲ್ಲ ಬರೀ ಕೋಪ. ಇದು ಸೇಡು.

ಏಪ್ರಿಲ್ 28

ಎರಡು ದಿನದಿಂದ ಸರಿಯಾದ ಟೋಪಿಯೇ ಹೆಣೆಯುತ್ತಿದ್ದಾರಂತೆ, ಒಂದು ತೂತಿಲ್ಲದೆ. "ಸಿಸ್ಟರ್, ನೀವು ಎಲ್ಲ ಸರಿಯಾಗಿ ಮಾಡು ಅಂತ ಹೇಳಿಕೊಟ್ಟಿದ್ದೀರಿ, ತಪ್ಪು ಬರ್ತಾನೇ ಇಲ್ಲ" ಅಂದಳಂತೆ ಫೆಮಿ. ಬೆತ್ತ ಮುರಿಯಿತಂತೆ. ಫೆಮಿಯ ಅಂಗೈ ಊದಿದೆ. ಎಣ್ಣೆ ಹಚ್ಚುವಾಗ ಅವ್ವ ಅತ್ತಳು. ಫೆಮಿ ನಗುತ್ತಿದ್ದಳು. ಟೋಪಿ ಕೋಣೆಯ ಹಳೆಯ ಹುಡುಗಿಯರಲ್ಲಿ ತೂತಿನ ಗುಟ್ಟು ಊಹಿಸಿದವರೂ ಬಾಯಿ ಬಿಟ್ಟಿಲ್ಲ.

ಆ ಹೆಂಗಸಿನ ಹಡಗು ಶನಿವಾರ ಹೊರಡುತ್ತದೆ.

ಏಪ್ರಿಲ್ 29. ನಡು ಮಧ್ಯಾಹ್ನ

ಫೆಮಿ ಓಡಿ ಬಂದಳು. "ಅಕ್ಕ, ಸಿಸ್ಟರ್ ಬರ್ತಿದ್ದಾಳೆ! ನಡ್ಕೊಂಡು! ಒಬ್ಬಳೇ!"

ಕಳ್ಳಿಬೇಲಿಯ ಸಂದಿಯಲ್ಲಿ ನೋಡಿದೆ. ನಿಜ. ಬಿಳಿ ಬಟ್ಟೆಯ ತುಂಬ ಕೆಂಧೂಳು. ಹಿಂದೆ ಯಾರದೋ ಆಡು.

ತಟ್ಟಿದಳು. ಅವ್ವ ಬಾಗಿಲು ತೆಗೆಯಲು ಎದ್ದಳು.

"ಕೂತ್ಕೋ ಅವ್ವ."

"ಬಿಸಿಲು ಕಣೇ. ವಯಸ್ಸಾದ ಹೆಂಗಸು."

"ಗೊತ್ತು. ಕೂತ್ಕೋ."

ಏನು ಕೇಳಬೇಕೋ ಸಿದ್ಧವಿದೆ. ಬೆಂಚಿನ ಎಲ್ಲರಿಗೂ ಪುಸ್ತಕ ವಾಪಸ್. ಪಾದ್ರಿಯ ಎದುರು, ಬಾಯಿಬಿಟ್ಟು ಹೇಳಬೇಕು. ಆಮೇಲೆ ಟೋಪಿ.

ಮತ್ತೆ ತಟ್ಟಿದಳು. ಈ ಸಲ ನನ್ನ ಹೆಸರು ಹಿಡಿದು ಕರೆದಳು. ನಮ್ಮ ಭಾಷೆಯಲ್ಲಿ ಬೇಡಿಕೊಳ್ಳುವ ಮಾತು ಅವಳು ಕಲಿತಿದ್ದಾಳೋ ಇಲ್ಲವೋ. ಕೇಳೋಣ. ಅವಸರವೇನು? ಈ ಸಾಲು ಮುಗಿಯಲಿ, ಆಮೇಲೆ ಇನ್ನೊಂದು ಸಾಲು, ಆಮೇಲೆ ಎದ್ದು ಹೋಗಿ ಬಾಗಿಲು —