ಕಾರ್ಡ್ ಬಿಚ್ಚದೆ ಕೊರೆದ ತೂತುಗಳು

ಮಾರ್ಚ್ 2
ಇವತ್ತೂ ಬಾಕ್ಸ್ ಕೆಲಸ. ಹಳೆಯ ಸ್ಟೆಬಿಲೈಸರಿನ ತಗಡಿನ ಡಬ್ಬಿ, ಒಳಗೆ ಪವರ್ ಸಪ್ಲೈ, ಪಕ್ಕದಲ್ಲಿ ಚಿತ್ರಗಳನ್ನು ಬೇಗ ಮೂಡಿಸುವ ಗ್ರಾಫಿಕ್ಸ್ ಕಾರ್ಡು. ಒಂದು ಕೇಬಲ್ ಹೊರಬಂದು ತಂಗಿಯ ಲ್ಯಾಪ್‌ಟಾಪಿಗೆ ಹೋಗಬೇಕು. ಪಾಪ, ಅದು ಒಂದು ಸೀನ್ ಮುಗಿಸಲು ಇಡೀ ದಿನ ಏದುಸಿರು ಬಿಡುತ್ತದೆ. ಅನಿಮೇಷನ್ ಸ್ಟುಡಿಯೋಗೆ ಮೂರು ನಿಮಿಷದ ಫಿಲ್ಮು ಹದಿನೈದನೇ ತಾರೀಖಿನೊಳಗೆ ತಲುಪಬೇಕು. ಮೆಚ್ಚಿದರೆ ಅವಳಿಗೆ ಕೆಲಸ.
"ಇದೇನೋ ಅಣ್ಣ, ಬಿಸ್ಕೆಟ್ ಡಬ್ಬಿ ಥರ ಇದೆ!" ಅಂದಳು. ಹೊಗಳಿದ್ದಂತೂ ಅಲ್ಲ.

ಮಾರ್ಚ್ 5
ಓಡಿತು! "ಅಬ್ಬಾ, ಕಾಫಿ ಮುಗಿಯೋದ್ರೊಳಗೆ ಸೀನೇ ಮುಗೀತಲ್ಲೋ!" ಅಂತ ಕುಣಿದಳು. ಒಂದೇ ಕಟ್ಟಪ್ಪಣೆ ಮಾಡಿದೆ — ಬಾಕ್ಸ್ ಆನ್ ಇರುವಾಗ ಕೇಬಲ್ ಎಳೆಯಬೇಡ, ಚುಚ್ಚಬೇಡ. "ಆಯ್ತು ಮಹಾರಾಯ." ನನಗಂತೂ ಕಾಲು ನೆಲದ ಮೇಲಿಲ್ಲ.

ಮಾರ್ಚ್ 8, ಬೆಳಿಗ್ಗೆ
ಬಾಕ್ಸು ಕೈ ಇಡಲಾಗದಷ್ಟು ಬಿಸಿ. ಗಾಳಿಗೆ ತೂತು ಸಾಲದು. ಇನ್ನೂ ಹತ್ತು ಕೊರೆದೆ. ಕಾರ್ಡು ಬಿಚ್ಚಿ ಹೊರಗಿಟ್ಟೇ ಕೊರೆಯಬೇಕು, ಗೊತ್ತು. ಆದರೆ ಎಂಟು ಸ್ಕ್ರೂ ಯಾರು ಬಿಚ್ಚುತ್ತಾರೆ... ಮೇಲೊಂದು ಬಟ್ಟೆ ಹೊದಿಸಿ ಕೊರೆದೆ. ಆಮೇಲೆ ಉಫ್ ಅಂತ ಊದಿದೆ.

ಅದೇ ದಿನ, ಮಧ್ಯಾಹ್ನ
ಚಟ್ ಅಂತ ಸದ್ದು. ಸುಟ್ಟ ವಾಸನೆ. ಕಾರ್ಡೂ ಸತ್ತಿತು, ಲ್ಯಾಪ್‌ಟಾಪೂ ಸತ್ತಿತು. ತಂಗಿ ಬಿಳಿಚಿಕೊಂಡು ನಿಂತಿದ್ದಳು.
"ಆನ್ ಇದ್ದಾಗಲೇ ಕೇಬಲ್ ಚುಚ್ಚಿಬಿಟ್ಟೆ ಕಣೋ. ಮರೆತೇ ಹೋಯ್ತು."
ಬಾಯಿಗೆ ಬಂದ ಹಾಗೆ ಬೈದೆ.

ಮಾರ್ಚ್ 9
ಬಾಕ್ಸ್ ಬಿಚ್ಚಿದೆ. ಕಾರ್ಡಿನ ಮೇಲೆ ಉಗುರಿನ ಚೂರಿನಷ್ಟು ತಗಡು, ನಾನು ಕೊರೆದಾಗ ಸಿಡಿದದ್ದು. ಎರಡು ಬೆಸುಗೆಗಳ ನಡುವೆ ಅಡ್ಡ ಬಿದ್ದು ಸುಟ್ಟು ಕಪ್ಪಾಗಿದೆ. ಕೇಬಲ್ಲಿನಿಂದ ಆದದ್ದಲ್ಲ. ನನ್ನಿಂದ ಆದದ್ದು.
ಅಮ್ಮ ಬಾಗಿಲಲ್ಲಿ ನಿಂತು, "ಏನಾದ್ರೂ ಗೊತ್ತಾಯ್ತೇನೋ?" ಅಂದಳು.
"ಇಲ್ಲಮ್ಮ."
ಎಷ್ಟು ಸಲೀಸಾಗಿ ಬಂತು ಬಾಯಿಂದ. ಥೂ.

ಮಾರ್ಚ್ 13
ಬರೆಯಲು ಕೈ ಬರಲಿಲ್ಲ. ಫೈಲುಗಳು ಉಳಿದಿವೆ, ಲ್ಯಾಪ್‌ಟಾಪ್ ಉಳಿಯುವುದಿಲ್ಲ — ರಿಪೇರಿಯವನ ಮಾತು. ತಂಗಿ ಈಗ ಮಿಕ್ಸಿಯ ಸ್ವಿಚ್ಚನ್ನೂ ಅಮ್ಮನ ಕೈಯಲ್ಲಿ ಹಾಕಿಸುತ್ತಾಳೆ. "ನನ್ನ ಕೈಗುಣ ಸರಿಯಿಲ್ಲಮ್ಮ." ಊಟಕ್ಕೆ ಕೂತಾಗ ನನಗೆ, "ನಿನ್ನ ಶ್ರಮ ಎಲ್ಲ ಮಣ್ಣುಪಾಲು ಮಾಡಿದೆ. ಕ್ಷಮಿಸೋ."
"ಹೋಗ್ಲಿ ಬಿಡು" ಅಂದೆ. ಅಂದರೆ ಕ್ಷಮಿಸಿಬಿಟ್ಟೆ. ನಾನು! ಅವಳನ್ನು!

ಮಾರ್ಚ್ 14, ಸಂಜೆ
ಇನ್ನಷ್ಟು ದಿನ ಕೊಡಿ ಅಂತ ತಂಗಿ ಕೇಳಿದ್ದಕ್ಕೆ ಸ್ಟುಡಿಯೋದಿಂದ ಉತ್ತರ ಬಂದಿದೆ. ಕಾರಣ ಬರೆದು ಕಳಿಸಬೇಕಂತೆ. ಅವಳ ಕೈಮೀರಿ ಆದದ್ದಾದರೆ ಇನ್ನೊಂದು ವಾರ ಕೊಡುತ್ತಾರೆ, ಅಲ್ಲಿಯ ಕಂಪ್ಯೂಟರಿನಲ್ಲೇ ಮುಗಿಸಬಹುದು. ಅವಳದೇ ತಪ್ಪಾದರೆ ಇಲ್ಲ.
"ತಾನಾಗೇ ಕೆಡ್ತು ಅಂತ ಬರಿಯೇ" ಅಂದಳು ಅಮ್ಮ.
"ಸುಳ್ಳು ಹೇಳಿ ಸೇರ್ಕೊಳ್ಳಲ್ಲಮ್ಮ."
'ನನ್ನ ಅಜಾಗರೂಕತೆಯಿಂದ ಹಾಳಾಯಿತು' ಅಂತಲೇ ಬರೆದಳು. ತಪ್ಪಿದ್ದರೆ ತಿದ್ದು ಅಂತ ನನಗೇ ಕೊಟ್ಟಳು. ಒಂದು ಅಲ್ಪವಿರಾಮ ಹಾಕಿ ವಾಪಸು ಕೊಟ್ಟೆ, ನಾಚಿಕೆಗೆಟ್ಟವನು. ಈಗ ಕೋಣೆಯಲ್ಲಿ ಕೂತು ಇದನ್ನು ಗೀಚುತ್ತಿದ್ದೇನೆ.
ಹೊರಗಿಂದ ಕೂಗುತ್ತಿದ್ದಾಳೆ, "ಅಣ್ಣಾ, ಕಳಿಸ್ಲಾ?"
ತಡಿ, ಅಂದೆ. ಹೋಗಿ ಹೇಳಬೇಕು, ಆ ಸಾಲಿನಲ್ಲಿರುವ ತಪ್ಪು ನಿನ್ನದಲ್ಲ ಅಂತ. ಈಗಲೇ. ಅಮ್ಮನೂ ಅಲ್ಲೇ ಇದ್ದಾಳೆ, ಇರಲಿ...
"ಎಷ್ಟೊತ್ತೋ? ಕಳಿಸ್ತಿದೀನಿ!"
ಬಂದೆ, ಕಳಿಸಬೇಡ, ಹಾಳು ಮಾಡಿದ್ದು ನಾನು—