ಅಮಾಸಿಯ ಬಡ್ಡಿ

ನೀಲಾನ ಅಪ್ಪಾರಿಗೆ,

ತಂಗಿ ಹೆಣ್ಣು ಹಡೆದಾಳಂತ ಗಬ್ಬೂರಿನಿಂದ ಸುದ್ದಿ ಬಂದದ. ನೀವಿನ್ನೂ ಮಲಗಿದ್ರಿ, ಎಬ್ಬಿಸಲಿಲ್ಲ. ಮೊದಲ ಬಸ್ಸಿಗೆ ಹೊಂಟೀನಿ. ರೊಟ್ಟಿ ಬುಟ್ಟಿಯೊಳಗ ಅವ, ಪುಂಡಿಪಲ್ಯ ಒಲಿ ಮ್ಯಾಲ ಅದ. ಹಾಲು ಮುಚ್ಚಿಡ್ರಿ, ಬೆಕ್ಕು ಕಾಯಾಕತ್ತದ.

ಇವತ್ತು ಹತ್ತಿ ಮಾರಿದ ರೊಕ್ಕ ತಗೊಂಡು ತಪ್ಪದ ಬ್ಯಾಂಕಿಗೆ ಹೋಗ್ರಿ. ಹ್ವಾದ ಅಮಾಸಿಗೆ, ಇಂಥ ದಿನ ಹತ್ತಿ ಮಾರೂ ಗಂಜಿನ್ಯಾಗ ಸುದ್ದಾ ಯಾರೂ ಸೌದಾ ಮಾಡಂಗಿಲ್ಲ, ಐದು ವರ್ಷದ ಠೇವಣಿಗೆ ಸಹಿ ಹಾಕಬ್ಯಾಡ್ರಿ ಅಂತ ನಾ ಅಂದಾಗ, "ಅಮಾಸಿ ನೋಡಿ ಬಡ್ಡಿ ಕೊಡ್ತಾರೇನ?" ಅಂತ ಓಣಿಗೆಲ್ಲ ಕೇಳೂ ಹಂಗ ನಕ್ಕಿದ್ರಿ, ಆದ್ರೂ ಅವತ್ತು ಸಹಿ ಹಾಕಲಿಲ್ಲ. ಮರುದಿನ ಮುಂಜಾನಿ ರೇಡಿಯೋದಾಗ ಬಡ್ಡಿ ಏರಿದ ಸುದ್ದಿ ಬಂತು. ಚಾದ ಕಪ್ಪು ಹಿಡಕೊಂಡು ರೇಡಿಯೋದ ಹತ್ರ ಸರಿದು ಕುಂತಿದ್ರಲ್ಲ, ಆ ಮಾರಿ ನೆನಸಿಕೊಂಡು ಈಗೂ ನಗಾಕತ್ತೀನಿ.

ಈಗ ನೋಡಿದ್ರ "ಇನ್ನೂ ಏರ್ತದ, ತಡಿ" ಅಂತ ಹಟ ಹಿಡಿದೀರಿ. ಏರಿದ್ರ ಏರ್ಲಿ. ಬೀಜ ಗೊಬ್ಬರದ್ದು ಬಿಟ್ಟು ಉಳಿದ ರೊಕ್ಕದಾಗ ಅರ್ಧ ಐದು ವರ್ಷಕ್ಕ ಇಡ್ರಿ, ನಾಳೆ ಬಡ್ಡಿ ಇಳಿದ್ರೂ ಅದಕ್ಕೇನೂ ಆಗಂಗಿಲ್ಲ. ಇನ್ನರ್ಧ ಒಂದ ವರ್ಷಕ್ಕ ಇಡ್ರಿ, ವರ್ಷ ತುಂಬೂದ್ರಾಗ ಏರಿದ್ರ ಅದನ್ನ ತಗದು ಹೊಸ ಬಡ್ಡಿಗೆ ಹಾಕೂಣು. ಬೀಜ ಗೊಬ್ಬರದ ರೊಕ್ಕ ಮಾತ್ರ ಉಳಿತಾಯ ಖಾತ್ಯಾಗ ಇರ್ಲಿ. ಬಡ್ಡಿ ಕಡಿಮಿ ಖರೆ, ಬೇಕಂದಾಗ ಕೈಗೆ ಸಿಗ್ತದ.

ಠೇವಣಿ ಯಾರ ಹೆಸರಿಗೆ ಅಂತ ಕೇಳ್ತಾರ. ಇಬ್ಬರದೂ ಬರಸ್ರಿ, ನನ್ನ ಹೆಸರು ಮೊದಲು ಬರ್ಲಿ. ಯಾಕ ಅಂತ ಕೇಳಿದ್ರ, ಹೆಚ್ಚಿನ ಬಡ್ಡಿ ನಮ್ಮಾಕಿ ಅಮಾಸಿದು ಅಂತ ಹೇಳ್ರಿ.

ಬ್ಯಾಂಕಿಗೆಲ್ಲ ಕೇಳೂ ಹಂಗ ಹೇಳ್ರಿ.

ಬಸವಂತಮ್ಮ